ಎಣ್ಣೆ ಬಾವಿಯ ಪೈಪು, ಟ್ಯಾಂಕಿ ತೊಳೆಯುವ ಕೆಲಸ: ನಾರ್ಮ್ ಧೂಳಿನಿಂದ ಮೈ ಕಾಪಾಡಿಕೊಳ್ಳುವ ಬಗೆ

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಗಲ್ಫಿನಲ್ಲಿ ಟ್ಯಾಂಕ್ ಕ್ಲೀನಿಂಗ್ ಕೆಲಸ ಸಿಕ್ಕಿದೆ, ಕಾಗದದಲ್ಲಿ ‘ನಾರ್ಮ್’ (ನಿಸರ್ಗದಲ್ಲಿರುವ ವಿಕಿರಣಶೀಲ ವಸ್ತು) ಅಂತ ಬರೆದಿದೆ, ಹೋಗಬಹುದೋ? ಪೈಪ್ ಯಾರ್ಡಿನಲ್ಲಿ ಹಳದಿ ಬೋರ್ಡಿನ ಮೇಲೆ ವಿಕಿರಣದ ಮೂರು ರೆಕ್ಕೆಯ ಗುರುತು ಹಾಕಿದ್ದಾರೆ, ಕೆಲಸ ಬಿಟ್ಟುಬಿಡಬೇಕೋ? ರಜೆಯಲ್ಲಿ ಊರಿಗೆ ಬಂದಾಗ ಮಕ್ಕಳನ್ನು ಎತ್ತಿಕೊಳ್ಳಬಹುದೋ?

ಹೋಗಬಹುದು. ಬಿಡಬೇಕಾಗಿಲ್ಲ, ಆದರೆ ಆ ಬೋರ್ಡಿನ ಆಚೆಗೆ ಹೇಗೆ ಹೋಗಿ ಹೇಗೆ ಬರಬೇಕೆಂಬುದು ಗೊತ್ತಿರಬೇಕು. ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಿ. ಕೆಲಸದ ಬಟ್ಟೆ, ಬೂಟು ಮಾತ್ರ ಮನೆ ಸೇರಬಾರದು.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪೈಪಿನ ಹೊರಗೆ ನಿಂತವನಿಗೆ ಬಹುತೇಕ ಕಡೆ ಅಪಾಯ ಸಣ್ಣದು. ಅದೇ ಪೈಪಿನ ಒಳಗಿರುವುದು ಒಣಗಿ, ಧೂಳಾಗಿ, ಮೂಗಿಗೋ ಬಾಯಿಗೋ ಹೋದರೆ ಲೆಕ್ಕವೇ ಬೇರೆ.

ನಾರ್ಮ್ ಎಂದರೆ ಏನು, ಎಲ್ಲಿರುತ್ತದೆ

ನಿಸರ್ಗದಲ್ಲಿ ತಾನಾಗಿಯೇ ಇರುವ ವಿಕಿರಣಶೀಲ ವಸ್ತುಗಳಿಗೆ ಈ ಉದ್ಯಮದಲ್ಲಿ ನಾರ್ಮ್ ಎನ್ನುತ್ತಾರೆ. ಭೂಮಿಯ ಆಳದ ಬಂಡೆಗಳಲ್ಲಿ ಯುರೇನಿಯಂ, ಥೋರಿಯಂ ಇರುತ್ತವೆ. ಅವು ಬಂಡೆಯಲ್ಲೇ ಉಳಿಯುತ್ತವೆ. ಆದರೆ ಅವು ಕ್ಷಯಿಸಿ ಹುಟ್ಟುವ ರೇಡಿಯಂ ಅಲ್ಲಿನ ಉಪ್ಪುನೀರಿನಲ್ಲಿ ಕರಗುತ್ತದೆ. ಎಣ್ಣೆಯ ಜೊತೆ ಈ ಉಪ್ಪುನೀರೂ ಮೇಲೆ ಬರುತ್ತದೆ. ಬರುವ ದಾರಿಯಲ್ಲಿ ಒತ್ತಡ ಇಳಿದು, ನೀರು ತಣಿದು, ಬೇರಿಯಂ ಸಲ್ಫೇಟಿನಂತಹ ಲವಣಗಳು ಪೈಪಿನ ಒಳಮೈಗೆ ಅಂಟುತ್ತವೆ. ಗಡಸು ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವ ಹಾಗೆ. ರೇಡಿಯಂ ರಾಸಾಯನಿಕವಾಗಿ ಬೇರಿಯಂನ ಹತ್ತಿರದ ನೆಂಟ. ಹಾಗಾಗಿ ಅದೂ ಈ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಬಾವಿಯ ಒತ್ತಡ ಕಾಯಲು ಸಮುದ್ರದ ನೀರನ್ನು ಒಳಗೆ ತಳ್ಳುವ ಕಡೆ ಈ ಪದರ ಇನ್ನೂ ಬೇಗ ಬೆಳೆಯುತ್ತದೆ, ಯಾಕೆಂದರೆ ಸಮುದ್ರದ ನೀರು ಸಲ್ಫೇಟನ್ನು ತರುತ್ತದೆ.

ಯಾರ್ಡಿನಲ್ಲಿ ನಿಮಗೆ ಸಿಗುವ ರೂಪಗಳು ಮೂರು.

ಸ್ಕೇಲ್: ಪೈಪು, ವಾಲ್ವು, ವೆಲ್‌ಹೆಡ್ (ಬಾವಿಯ ಬಾಯಿಗೆ ಕೂರಿಸಿದ ವಾಲ್ವು ಜೋಡಣೆ) ಒಳಗಿನ ಗಟ್ಟಿ ಪದರ. ಬಿಳಿ, ಬೂದು ಇಲ್ಲವೇ ಕಂದು ಬಣ್ಣ.

ಸ್ಲಜ್: ಸೆಪರೇಟರ್ (ಎಣ್ಣೆ, ನೀರು, ಅನಿಲ ಬೇರ್ಪಡಿಸುವ ದೊಡ್ಡ ಪಾತ್ರೆ) ಮತ್ತು ಸ್ಟೋರೇಜ್ ಟ್ಯಾಂಕಿನ ತಳದಲ್ಲಿ ಕೂರುವ ಜಿಡ್ಡು ಕೆಸರು. ಮರಳು, ಮೇಣ, ಎಣ್ಣೆ, ಸ್ಕೇಲ್ ಚೂರು ಎಲ್ಲ ಅದರಲ್ಲಿ.

ತೆಳುಪದರ: ಇದು ಗ್ಯಾಸ್ ಪ್ಲಾಂಟಿನ ವಿಶೇಷ. ರೇಡಿಯಂನಿಂದ ಹುಟ್ಟುವ ರೇಡಾನ್ ಒಂದು ಅನಿಲ. ಅದು ಕುದಿಯುವ ಉಷ್ಣತೆ (ಮೈನಸ್ 62 ಡಿಗ್ರಿ ಸೆಲ್ಸಿಯಸ್) ಈಥೇನ್ ಮತ್ತು ಪ್ರೊಪೇನ್‌ಗಳ ನಡುವೆ ಬೀಳುತ್ತದೆ. ಆದ್ದರಿಂದ ಅನಿಲ ಬೇರ್ಪಡಿಸುವಾಗ ಪ್ರೊಪೇನ್ ಲೈನಿನ ಪಂಪು, ಫಿಲ್ಟರುಗಳಲ್ಲಿ ರೇಡಾನ್ ಗುಂಪುಗೂಡಿ, ಕ್ಷಯಿಸಿ, ಸೀಸ-210 ಮತ್ತು ಪೊಲೋನಿಯಂ-210 ಎಂಬ ಕಣ್ಣಿಗೆ ಕಾಣದ ಲೇಪವನ್ನು ಬಿಡುತ್ತದೆ. ಗ್ಯಾಸ್ ಲೈನಿನಿಂದ ಬರುವ ಕಪ್ಪು ಪುಡಿಯಲ್ಲೂ ಇವು ಇರಬಹುದು.

ಕಚ್ಚಾ ತೈಲದಲ್ಲಿ ರೇಡಿಯಂ ತೀರಾ ಕಡಿಮೆ, ಅದು ನೀರಿನ ಜೊತೆ ಹೋಗಿಬಿಡುತ್ತದೆ. ಆದ್ದರಿಂದ ಪೆಟ್ರೋಲ್ ಬಂಕಿನವರು, ಟ್ಯಾಂಕರ್ ಡ್ರೈವರುಗಳು ಈ ಲೇಖನ ಓದಿ ಹೆದರಬೇಕಾಗಿಲ್ಲ. ಇದು ಬಾವಿ, ಸೆಪರೇಟರ್, ಉಪ್ಪುನೀರಿನ ಲೈನು, ಗ್ಯಾಸ್ ಪ್ಲಾಂಟು, ಪೈಪ್ ಯಾರ್ಡುಗಳಲ್ಲಿ ದುಡಿಯುವವರಿಗೆ.

ಪ್ರಮಾಣ ಎಷ್ಟು ಎಂದರೆ ಒಂದೇ ಉತ್ತರ ಇಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಕೊಡುವ ಲೆಕ್ಕದಲ್ಲಿ ಸ್ಕೇಲಿನ ರೇಡಿಯಂ-226 ಗ್ರಾಮಿಗೆ 0.1 ಬೆಕೆರೆಲ್‌ನಿಂದ 15,000 ಬೆಕೆರೆಲ್‌ವರೆಗೆ, ಸ್ಲಜ್ಜಿನಲ್ಲಿ 0.05ರಿಂದ 800ರವರೆಗೆ ಇದೆ. ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವುದು. ಗ್ರಾಮಿಗೆ 1 ಬೆಕೆರೆಲ್ ದಾಟಿದರೆ ನಿಯಂತ್ರಣ ಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿದ ಗೆರೆ. ಅಂದರೆ ಒಂದು ಯಾರ್ಡಿನ ಸ್ಕೇಲ್ ಬರಿಯ ಮಣ್ಣಿನಷ್ಟೇ ಸಾಧು, ಪಕ್ಕದ ಯಾರ್ಡಿನದ್ದು ಸಾವಿರಾರು ಪಟ್ಟು ಹೆಚ್ಚು ಇರಬಹುದು. ಕಣ್ಣಿಗೆ ಎರಡೂ ಒಂದೇ. ‘ನಮ್ಮಲ್ಲಿ ಹತ್ತು ವರ್ಷದಿಂದ ಯಾರಿಗೂ ಏನೂ ಆಗಿಲ್ಲ’ ಎಂಬ ಫೋರ್‌ಮನ್ ಮಾತಿಗೆ ಈ ಕಾರಣಕ್ಕೇ ಬೆಲೆ ಕೊಡಬೇಡಿ. ಅಳತೆ ಕೇಳಿ.

ಮೈಗೆ ಆಗುವುದೇನು

ಸ್ಕೇಲಿನಿಂದ ಮೂರು ಬಗೆಯ ಕಿರಣ ಬರುತ್ತದೆ. ಗಾಮಾ ಕಿರಣ ಪೈಪಿನ ಕಬ್ಬಿಣ ದಾಟಿ ಹೊರಗೆ ಬರುತ್ತದೆ. ಬೀಟಾ ಬಹುಪಾಲು ಪೈಪಿನ ಗೋಡೆಯಲ್ಲೇ ನಿಲ್ಲುತ್ತದೆ. ಆಲ್ಫಾವನ್ನು ಒಂದು ಹಾಳೆ ಕಾಗದ, ನಿಮ್ಮ ಹೊರಚರ್ಮ ಕೂಡ ತಡೆಯುತ್ತದೆ. ಅಷ್ಟು ದುರ್ಬಲವಾದ ಆಲ್ಫಾ ಶ್ವಾಸಕೋಶದ ಒಳಗಿನಿಂದ ಹೊಮ್ಮಿದರೆ ತಡೆಯಲು ಚರ್ಮವಿಲ್ಲ. ಪಕ್ಕದ ಜೀವಕೋಶದ ಮೇಲೆ ಪೂರ್ತಿ ಹೊಡೆತ ಬೀಳುತ್ತದೆ. ಒಂದೇ ತೂಕದ ರೇಡಿಯಂ ನುಂಗಿದ್ದಕ್ಕಿಂತ ಉಸಿರಲ್ಲಿ ಹೋದಾಗ ಹಾನಿಯ ಲೆಕ್ಕ ಸುಮಾರು ಹತ್ತು ಪಟ್ಟು.

ರೇಡಿಯಂ ದೇಹದೊಳಗೆ ಕ್ಯಾಲ್ಸಿಯಂ ಥರ ನಡೆದುಕೊಂಡು ಮೂಳೆ ಸೇರುತ್ತದೆ. 1920ರ ದಶಕದಲ್ಲಿ ಅಮೆರಿಕದ ಗಡಿಯಾರ ಕಾರ್ಖಾನೆಗಳಲ್ಲಿ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ರೇಡಿಯಂ ಬಣ್ಣ ಬಳಿದ ಹೆಣ್ಣುಮಕ್ಕಳಿಗೆ ದವಡೆ ಕೊಳೆತು, ಮೂಳೆ ಕ್ಯಾನ್ಸರ್ ಬಂದದ್ದು ಹೀಗೆ. ಅವರು ನುಂಗಿದ ಪ್ರಮಾಣ ಯಾರ್ಡಿನ ಕೆಲಸಗಾರನಿಗೆ ಆಗುವುದಕ್ಕಿಂತ ತುಂಬ ಹೆಚ್ಚು. ಆದರೆ ದಾರಿ ಅದೇ, ಬಾಯಿ. ರೇಡಾನ್ ಮತ್ತು ಅದರ ಸಂತತಿ (ಅದು ಕ್ಷಯಿಸಿ ಹುಟ್ಟುವ ವಸ್ತುಗಳು) ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತವೆ, ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚಾಗಿ.

ಈಗ ಸಂಖ್ಯೆ. ದೇಹಕ್ಕೆ ತಗಲುವ ಪ್ರಮಾಣವನ್ನು ಸೀವರ್ಟ್‌ನಲ್ಲಿ ಅಳೆಯುತ್ತಾರೆ. ಅದರ ಸಾವಿರದಲ್ಲೊಂದು ಪಾಲು ಮಿಲಿಸೀವರ್ಟ್, ಅದರ ಸಾವಿರದಲ್ಲೊಂದು ಪಾಲು ಮೈಕ್ರೋಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಲೋಕದ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತಲೇ ಇರುತ್ತದೆ. ಅದರ ಮೇಲೆ ಸಾಮಾನ್ಯ ಜನರಿಗೆ ವರ್ಷಕ್ಕೆ 1, ವಿಕಿರಣದ ಕೆಲಸಗಾರರಿಗೆ 5 ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬುದು ಅಂತರರಾಷ್ಟ್ರೀಯ ಮಿತಿ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಯಾವುದೇ ಒಂದು ವರ್ಷದಲ್ಲಿ 30ನ್ನು ದಾಟಬಾರದು ಎನ್ನುತ್ತದೆ. ಸಾವಿರ ಮಿಲಿಸೀವರ್ಟ್ ತಗಲಿದರೆ ಕ್ಯಾನ್ಸರಿನ ಅಪಾಯ 100ಕ್ಕೆ 4–5ರಷ್ಟು ಏರುತ್ತದೆ ಎಂಬ ಅಂದಾಜಿನಿಂದ ಲೆಕ್ಕ ಹಾಕಿದರೆ, 10 ಮಿಲಿಸೀವರ್ಟ್ ಎಂದರೆ 10,000 ಮಂದಿಯಲ್ಲಿ 4–5 ಮಂದಿಗೆ ಹೆಚ್ಚುವರಿ ಅಪಾಯ. ಹೆದರಿ ಓಡುವಷ್ಟು ದೊಡ್ಡದೂ ಅಲ್ಲ, ಮಾಸ್ಕ್ ಹಾಕದ ಸೋಮಾರಿತನಕ್ಕೆ ಕೊಡುವಷ್ಟು ಅಗ್ಗವೂ ಅಲ್ಲ.

‘ನಮ್ಮ ಕೇರಳದ ಕರಾವಳಿಯಲ್ಲೇ ವಿಕಿರಣವಿದೆಯಲ್ಲ?’ ಎಂದು ಕೇಳುವವರಿದ್ದಾರೆ. ಇದೆ. ಕೊಲ್ಲಂ ಜಿಲ್ಲೆಯ ಚವರ, ನೀಂಡಕರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಇದೆ. ಕರುನಾಗಪ್ಪಳ್ಳಿಯ ನಿವಾಸಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಂಡಿಲ್ಲ. ಆದರೆ ಅಲ್ಲಿ ಲೆಕ್ಕ ಹಾಕಿದ್ದು ಹೊರಗಿನಿಂದ ಬೀಳುವ ಗಾಮಾವನ್ನು. ಮುಚ್ಚಿದ ಟ್ಯಾಂಕಿಯಲ್ಲಿ ಒಣ ಸ್ಕೇಲ್ ಉಜ್ಜಿ ಧೂಳು ಕುಡಿಯುವುದಕ್ಕೆ ಆ ಅಧ್ಯಯನ ರಹದಾರಿ ಕೊಡುವುದಿಲ್ಲ.

ಹಂತ 1: ಊರು ಬಿಡುವ ಮುಂಚೆ

ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಕರಾರಿನಲ್ಲಿ ‘ನಾರ್ಮ್’ ಎಂಬ ಶಬ್ದ ಇರಲೇಬೇಕೆಂದಿಲ್ಲ. ಇಂಡಸ್ಟ್ರಿಯಲ್ ಕ್ಲೀನರ್, ಹೈಡ್ರೋಜೆಟಿಂಗ್ ಆಪರೇಟರ್, ಟ್ಯಾಂಕ್ ಕ್ಲೀನಿಂಗ್ ಹೆಲ್ಪರ್, ಬ್ಲಾಸ್ಟರ್, ಪೈಪ್ ಯಾರ್ಡ್ ಹೆಲ್ಪರ್, ಶಟ್‌ಡೌನ್ ಫಿಟ್ಟರ್ ಎಂಬ ಹುದ್ದೆಗಳಿದ್ದರೆ ನಾರ್ಮ್ ಎದುರಾಗಬಹುದು ಎಂದೇ ತಿಳಿಯಿರಿ. ಕಂಪನಿಗೆ ಇಲ್ಲವೇ ಏಜೆಂಟನಿಗೆ ನಾಲ್ಕು ಪ್ರಶ್ನೆ ಬರಹದಲ್ಲಿ ಕೇಳಿ, ವಾಟ್ಸಾಪ್ ಆದರೂ ಸಾಕು:

– ಕೆಲಸಕ್ಕೆ ಮುಂಚೆ ನಾರ್ಮ್ ತರಬೇತಿ ಕೊಡುತ್ತೀರಾ?
– ಮಾಸ್ಕಿಗೆ ಫಿಟ್ ಟೆಸ್ಟ್ (ಗಾಳಿ ಸೋರದಂತೆ ಮುಖಕ್ಕೆ ಕೂರುತ್ತದೋ ಎಂಬ ಪರೀಕ್ಷೆ) ಮಾಡುತ್ತೀರಾ?
– ಟಿಎಲ್‌ಡಿ ಬ್ಯಾಡ್ಜ್ (ಎದೆಗೆ ಸಿಕ್ಕಿಸುವ, ತಗಲಿದ ಗಾಮಾವನ್ನು ದಾಖಲಿಸುವ ಚೀಟಿ) ನನ್ನ ಹೆಸರಿನಲ್ಲೇ ಇರುತ್ತದಾ?
– ಕೆಲಸದ ಬಟ್ಟೆ ಒಗೆಯುವುದು ಯಾರು?

ಕೊನೆಯ ಪ್ರಶ್ನೆಗೆ ‘ನೀವೇ, ಕ್ಯಾಂಪಿನಲ್ಲಿ’ ಎಂದು ಉತ್ತರ ಬಂದರೆ ಆ ಕಂಪನಿಗೆ ನಾರ್ಮ್ ಬಗ್ಗೆ ಏನೂ ಗೊತ್ತಿಲ್ಲ ಎಂದರ್ಥ.

ಗಲ್ಫ್ ವೀಸಾಕ್ಕೆಂದು ವಾಫಿದ್ (ಹಿಂದಿನ ಗಾಮ್ಕಾ) ಕೇಂದ್ರದಲ್ಲಿ ಮಾಡುವ ವೈದ್ಯಕೀಯ ತಪಾಸಣೆ ಸಾಂಕ್ರಾಮಿಕ ರೋಗ ಹುಡುಕಲು ಇರುವುದು. ಅದರ ಜೊತೆ ಪೂರ್ಣ ರಕ್ತಕಣ ಎಣಿಕೆ, ಎದೆಯ ಎಕ್ಸರೇ, ಸ್ಪೈರೋಮೆಟ್ರಿ (ಶ್ವಾಸಕೋಶದ ಬಲ ಅಳೆಯುವ ಊದು ಪರೀಕ್ಷೆ) ಮಾಡಿಸಿ, ಪ್ರತಿ ಮನೆಯಲ್ಲಿಡಿ. ಮುಂದೆ ಹೋಲಿಸಲು ಇದೇ ಆಧಾರ. ಅಲ್ಲಿ ಹೋಗಿ ಆರು ತಿಂಗಳಾದ ಮೇಲೆ ನಾರ್ಕಾದ (ಹೊರನಾಡಿನಲ್ಲಿ ದುಡಿಯುವವರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ) ಪ್ರವಾಸಿ ಗುರುತಿನ ಚೀಟಿಯನ್ನೂ ಮಾಡಿಸಿಕೊಳ್ಳಿ.

ಹಂತ 2: ಪೈಪು ಬಿಚ್ಚುವ ಮುನ್ನ ಅಳತೆ

ಅಳೆಯುವುದು ನಿಮ್ಮ ಕೆಲಸವಲ್ಲ, ಆರ್‌ಪಿಓ ಎನ್ನುವ ವಿಕಿರಣ ಸುರಕ್ಷಾ ಅಧಿಕಾರಿಯದ್ದು. ಆದರೆ ಅವನು ಸರಿಯಾಗಿ ಅಳೆಯುತ್ತಿದ್ದಾನೋ ಎಂದು ನಿಮಗೆ ತಿಳಿಯಬೇಕು.

ಮೊದಲು ಯಾರ್ಡಿನಿಂದ ದೂರ, ಖಾಲಿ ಜಾಗದಲ್ಲಿ ಹಿನ್ನೆಲೆ ಅಳತೆ ತೆಗೆಯಬೇಕು. ಸಾಮಾನ್ಯವಾಗಿ ಗಂಟೆಗೆ 0.1 ಮೈಕ್ರೋಸೀವರ್ಟ್ ಆಸುಪಾಸು. ಆಮೇಲೆ ಪೈಪಿನ ಹೊರಮೈ. ಹಿನ್ನೆಲೆಯ ಎರಡರಷ್ಟು ತೋರಿಸಿದರೆ ನಾರ್ಮ್ ಇದೆಯೆಂದೇ ಹಿಡಿದು ಮುಂದುವರಿಯುವುದು ಅನೇಕ ಕಡೆಯ ರೂಢಿ. ಹೊರಮೈಯಲ್ಲಿ ಗಂಟೆಗೆ ಕೆಲವು ಮೈಕ್ರೋಸೀವರ್ಟ್ ಕಾಣುವುದು ಸಾಮಾನ್ಯ, ನೂರಾರು ಕಾಣುವುದು ಅಪರೂಪ. ಗಂಟೆಗೆ 5 ಮೈಕ್ರೋಸೀವರ್ಟ್ ತೋರಿಸುವ ಪೈಪನ್ನು ವರ್ಷದ 2,000 ಗಂಟೆ ಅಪ್ಪಿಕೊಂಡೇ ಇದ್ದರೂ 10 ಮಿಲಿಸೀವರ್ಟ್. ಒಂದೆರಡು ಮೀಟರ್ ದೂರ ನಿಂತರೆ ಅದರ ಸಣ್ಣ ಪಾಲು. ಹಾಗಾಗಿ ಊಟದ ಹೊತ್ತಿಗೆ ನೆರಳು ಸಿಗುತ್ತದೆಂದು ಪೈಪಿನ ರಾಶಿಗೆ ಒರಗಿ ಮಲಗಬೇಡಿ. ಹೊರಗಿನ ಗಾಮಾದಿಂದ ಪಾರಾಗಲು ಅಷ್ಟು ಸಾಕು.

ಅಳತೆ ತಪ್ಪುವುದು ಹೀಗೆ:

ಪೈಪಿನ ಒಳಗೆ ನೀರು ಅಥವಾ ಎಣ್ಣೆಯ ಜಿಡ್ಡು ಇದ್ದರೆ ಆಲ್ಫಾ, ಬೀಟಾ ಮುಚ್ಚಿಹೋಗಿ ಮೀಟರ್ ಕಡಿಮೆ ತೋರಿಸುತ್ತದೆ. ಪ್ರೋಬನ್ನು (ಮೀಟರಿನ ಮೂಗು) ಬೀಸಿಕೊಂಡು ಹೋದರೆ ಪ್ರಯೋಜನವಿಲ್ಲ. ಪೈಪಿನ ಮೈಯಿಂದ 1 ಸೆಂ.ಮೀ.ಗಿಂತ ಹೆಚ್ಚು ದೂರವಿಲ್ಲದೆ, ನಿಧಾನವಾಗಿ ಸರಿಸಬೇಕು. ಮೀಟರಿನ ಮೇಲೆ ಕ್ಯಾಲಿಬ್ರೇಶನ್ (ಮೀಟರ್ ಸರಿಯಿದೆಯೆಂದು ತಾಳೆ ನೋಡಿದ) ಚೀಟಿಯ ದಿನಾಂಕ ಮೀರಿರಬಾರದು.

ಎಲ್ಲಕ್ಕಿಂತ ಕೆಟ್ಟದ್ದು ಗ್ಯಾಸ್ ಪ್ಲಾಂಟಿನಲ್ಲಿ ಆಗುತ್ತದೆ. ಸೀಸ-210 ಹೊರಸೂಸುವ ಗಾಮಾ ಅತಿ ದುರ್ಬಲ, ಪೈಪಿನ ಗೋಡೆ ದಾಟುವುದಿಲ್ಲ. ಹೊರಗಿನಿಂದ ಅಳೆದರೆ ಸೊನ್ನೆ. ‘ಕ್ಲಿಯರ್’ ಎಂದು ಬರೆದುಕೊಡುತ್ತಾರೆ, ಪಂಪು ಬಿಚ್ಚಿ ಎಮರಿ ಕಾಗದದಲ್ಲಿ ಉಜ್ಜುತ್ತಾರೆ, ಪೊಲೋನಿಯಂ ಉಸಿರಿಗೆ ಹೋಗುತ್ತದೆ. ಪ್ರೊಪೇನ್ ಪಂಪು, ಫಿಲ್ಟರ್ ಹೌಸಿಂಗ್, ರಿಫ್ಲಕ್ಸ್ ಲೈನುಗಳನ್ನು ಬಿಚ್ಚಿದ ಮೇಲೆ ಒಳಮೈಯನ್ನು ಬೀಟಾ ಪ್ರೋಬಿನಿಂದ ಮತ್ತೆ ಅಳೆಯಲೇಬೇಕು. ಅಲ್ಲಿಯವರೆಗೆ ನಾರ್ಮ್ ಇದೆಯೆಂದೇ ನಡೆದುಕೊಳ್ಳಿ.

ಹಂತ 3: ಟ್ಯಾಂಕಿ, ಸೆಪರೇಟರ್ ಒಳಹೋಗುವ ಮುನ್ನ

ಇಲ್ಲಿ ವಿಕಿರಣಕ್ಕಿಂತ ಮೊದಲು ಕೊಲ್ಲುವ ವಸ್ತುಗಳಿವೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದ್ದು, ಆದರೆ 100 ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಪಾಲು) ಹತ್ತಿರ ಬಂದರೆ ಮೂಗೇ ಮರಗಟ್ಟಿ ವಾಸನೆ ಮಾಯವಾಗುತ್ತದೆ. ವಾಸನೆ ನಿಂತಿತು ಎಂದು ನೆಮ್ಮದಿಪಡುವ ಕ್ಷಣವೇ ಪ್ರಾಣಾಂತಿಕ. ಸ್ಲಜ್ಜಿನಿಂದ ಬೆಂಜೀನ್ ಆವಿಯೂ ಬರುತ್ತದೆ, ಅದು ರಕ್ತದ ಕ್ಯಾನ್ಸರಿಗೆ ಕಾರಣ.

ಪರ್ಮಿಟ್ (ಒಳಹೋಗಲು ಕೊಡುವ ಅನುಮತಿ ಪತ್ರ) ಮೇಲೆ ಈ ಸಂಖ್ಯೆಗಳನ್ನು ನೀವೇ ಓದಿ: ಆಮ್ಲಜನಕ ಶೇ. 19.5ರಿಂದ 23.5ರೊಳಗೆ, ಉರಿಯುವ ಆವಿ ಸ್ಫೋಟದ ಕೆಳಮಿತಿಯ ಶೇ. 10ಕ್ಕಿಂತ ಕಡಿಮೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಒಳಗೆ. ಕೆಸರು ಕದಡಿದಾಗ ಅನಿಲ ಮತ್ತೆ ಏಳುತ್ತದೆ, ಆದ್ದರಿಂದ ಬೆಳಿಗ್ಗೆ ತೆಗೆದ ಅಳತೆ ಸಾಲದು. ಎದೆಯ ಮೇಲೆ ಸದಾ ನಾಲ್ಕು ಅನಿಲ ಒಟ್ಟಿಗೆ ಅಳೆಯುವ ಮೀಟರ್ ಇರಬೇಕು, ಮ್ಯಾನ್‌ಹೋಲ್ ಹೊರಗೆ ಒಬ್ಬ ಕಾವಲಿರಬೇಕು. ಒಳಗೆ ಬಿದ್ದವನನ್ನು ಎತ್ತಲು ಬರಿಮೈಯಲ್ಲಿ ಇಳಿದ ಎರಡನೆಯವನೂ ಸಾಯುವುದು ಈ ಕೆಲಸದ ಹಳೆಯ ಕಥೆ. ಕಾವಲಿನವನು ಕೂಗಬೇಕು, ಇಳಿಯಬಾರದು.

ಇನ್ನು ರೇಡಾನ್. ಟ್ಯಾಂಕಿ ಖಾಲಿಮಾಡಿ, ಅನಿಲ ಹೊರಹಾಕಿ, ಕನಿಷ್ಠ 4 ಗಂಟೆ ಗಾಳಿ ಆಡಲು ಬಿಟ್ಟರೆ ರೇಡಾನಿನ ಅಲ್ಪಾಯು ಸಂತತಿ (ಸೀಸ-214ರ ಅರ್ಧಾಯು 27 ನಿಮಿಷ, ಬಿಸ್ಮತ್-214ರದ್ದು 20 ನಿಮಿಷ) ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಅರ್ಧಾಯು ಎಂದರೆ ಇರುವುದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು. ಶಟ್‌ಡೌನಿನ (ದುರಸ್ತಿಗೆಂದು ಪ್ಲಾಂಟು ನಿಲ್ಲಿಸುವುದು) ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಈ ನಾಲ್ಕು ಗಂಟೆಗೇ.

ಹಂತ 4: ಉಡುಪು ಮತ್ತು ಮಾಸ್ಕ್

ಬೈರಾಸು ಕಟ್ಟಿಕೊಂಡರೆ, ನೀಲಿ ಸರ್ಜಿಕಲ್ ಮಾಸ್ಕ್ ಹಾಕಿದರೆ ಸೂಕ್ಷ್ಮ ಧೂಳು ಸಲೀಸಾಗಿ ಒಳಹೋಗುತ್ತದೆ. ಬೇಕಾದ್ದು ಪಿ100 ಅಥವಾ ಪಿ3 ದರ್ಜೆಯ ಫಿಲ್ಟರ್ ಇರುವ ರಬ್ಬರ್ ಮಾಸ್ಕ್. ಪಿ100 ಧೂಳಿನ ಶೇ. 99.97 ತಡೆಯುತ್ತದೆ, ಅಮೆರಿಕದ ಮಾನದಂಡದಲ್ಲಿ ಅದರ ಗುರುತು ನೇರಳೆಗೆಂಪು ಬಣ್ಣ. ಬೆಂಜೀನ್ ಆವಿಗೆ, ಅದೇ ಮಾನದಂಡದಲ್ಲಿ, ಕಪ್ಪು ಪಟ್ಟಿಯ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಬೇರೆಯೇ ಬೇಕು, ಎರಡೂ ಕೂಡಿದ್ದು ಸಿಗುತ್ತದೆ. ಆಮ್ಲಜನಕ ಕಡಿಮೆ ಇರುವಲ್ಲಿ, ಹೈಡ್ರೋಜನ್ ಸಲ್ಫೈಡ್ ಹೆಚ್ಚಿರುವಲ್ಲಿ ಯಾವ ಫಿಲ್ಟರೂ ಕಾಯುವುದಿಲ್ಲ, ಹೊರಗಿನಿಂದ ಗಾಳಿ ಕೊಡುವ ಲೈನು ಅಥವಾ ಬೆನ್ನಿನ ಸಿಲಿಂಡರೇ ಬೇಕು.

ಎರಡು ದಿನದ ಗಡ್ಡವಿದ್ದರೂ ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರುತ್ತದೆ. ಧರ್ಮದ ಕಾರಣಕ್ಕೆ ಗಡ್ಡ ಬಿಟ್ಟವರು ಸಡಿಲ ಹುಡ್ ಇರುವ, ಬ್ಯಾಟರಿ ಫ್ಯಾನಿನ ಪಿಎಪಿಆರ್ ಕೇಳಿ ಪಡೆಯಿರಿ. ಹಾಕಿದ ಮೇಲೆ ಪ್ರತಿ ಸಲವೂ ಅಂಗೈಯಿಂದ ಫಿಲ್ಟರ್ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಕಚ್ಚಿ ನಿಂತರೆ ಸರಿ.

ಮೈಗೆ ಒಮ್ಮೆ ಬಳಸಿ ಎಸೆಯುವ ಕವರಾಲ್, ನೀರು ಸಿಡಿಯುವಲ್ಲಿ ಪಿವಿಸಿ ಸೂಟ್. ಎರಡು ಜೊತೆ ಗ್ಲೌಸ್: ಒಳಗೆ ತೆಳು ನೈಟ್ರೈಲ್, ಹೊರಗೆ ದಪ್ಪದ್ದು, ಹೊರಗಿನದ್ದರ ಅಂಚನ್ನು ತೋಳಿಗೆ ಟೇಪ್ ಸುತ್ತಿ. ಬಟ್ಟೆಯ ಗ್ಲೌಸ್ ಬೇಡ, ಅದು ಕೆಸರು ಹೀರುತ್ತದೆ. ಗಾಯವಿದ್ದರೆ ನೀರು ಸೇರದ ಪಟ್ಟಿ ಹಾಕಿ, ದೊಡ್ಡ ಗಾಯವಾದರೆ ಆ ದಿನ ನಾರ್ಮ್ ಕೆಲಸ ಬೇಡ ಎನ್ನಿ.

ಹಂತ 5: ಕೆಲಸ

ನಿಯಮ ಒಂದೇ: ಒಣಗಲು ಬಿಡಬೇಡಿ. ಒದ್ದೆ ಸ್ಕೇಲ್ ಹಾರುವುದಿಲ್ಲ.

ನೆಲಕ್ಕೆ ಅಂಚು ಮೇಲೆತ್ತಿದ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಹಗ್ಗ ಕಟ್ಟಿ, ಗಾಳಿ ಬೀಸಿ ಬರುವ ದಿಕ್ಕಿಗೆ ಬೆನ್ನು ಹಾಕಿ ನಿಲ್ಲಿ. ಫ್ಲಾಂಜ್ (ಎರಡು ಪೈಪು ಕೂಡಿಸುವ ಬೋಲ್ಟಿನ ಬಳೆ) ಬಿಚ್ಚುವಾಗ ಇನ್ನೊಬ್ಬ ನೀರಿನ ಹನಿ ಸಿಂಪಡಿಸುತ್ತಿರಲಿ. ಒಳಗೆ ಇಣುಕಬೇಡಿ. ಬಿಚ್ಚಿದ ಪೈಪಿನ ಎರಡೂ ತುದಿಗೆ ಕೂಡಲೇ ಪ್ಲಾಸ್ಟಿಕ್ ಕ್ಯಾಪ್ ಹಾಕಿ, ಇಲ್ಲದಿದ್ದರೆ ಹಾಳೆ ಸುತ್ತಿ ಟೇಪ್ ಹಚ್ಚಿ. ಕ್ಯಾಪ್ ಇಲ್ಲದ ಪೈಪು ಲಾರಿಯ ಮೇಲೆ ಕುಲುಕಿದರೆ ಪುಡಿ ದಾರಿಯುದ್ದಕ್ಕೂ ಉದುರುತ್ತದೆ.

ಮಾಡಲೇಬಾರದ್ದು: ಒಣ ಗ್ರೈಂಡಿಂಗ್, ಒಣ ಬ್ಲಾಸ್ಟಿಂಗ್, ಸುತ್ತಿಗೆಯಲ್ಲಿ ಬಡಿದು ಉದುರಿಸುವುದು, ಗಾಳಿ ಹೋಸಿನಿಂದ ಊದುವುದು, ಪೊರಕೆಯಲ್ಲಿ ಗುಡಿಸುವುದು. ಗ್ಯಾಸ್ ಕಟಿಂಗ್ ಇನ್ನೂ ಕೆಟ್ಟದ್ದು. ಬಿಸಿಗೆ ಸೀಸವೂ ಪೊಲೋನಿಯಂ ಕೂಡ ಆವಿಯಾಗಿ ಹೊಗೆಯಲ್ಲಿ ಸೇರುತ್ತವೆ. ಕತ್ತರಿಸಲೇಬೇಕಾದರೆ ಆ ಭಾಗದ ಸ್ಕೇಲನ್ನು ಒದ್ದೆಯಾಗಿ ತೆಗೆದು, ತಣ್ಣಗೆ ಕೊಯ್ಯುವ ಗರಗಸ ಬಳಸಬೇಕು. ಅಮೆರಿಕದ ದಕ್ಷಿಣದ ಪೈಪ್ ಯಾರ್ಡುಗಳಲ್ಲಿ ದಶಕಗಳ ಕಾಲ ಪೈಪಿನೊಳಗೆ ತಿರುಗುವ ಕಟ್ಟರ್ ಬಿಟ್ಟು ಒಣಗಿದ ಹಾಗೇ ಸ್ಕೇಲ್ ಕೆರೆಯುತ್ತಿದ್ದರು. ಅದರಲ್ಲಿ ರೇಡಿಯಂ ಇದೆಯೆಂಬ ಎಚ್ಚರ ಅಲ್ಲಿ ಮೂಡಿದ್ದೇ 1986ರಲ್ಲಿ, ಮಿಸಿಸಿಪ್ಪಿಯ ಒಂದು ಬಾವಿಯ ಪೈಪಿನಿಂದ. ಲೂಯಿಸಿಯಾನಾದ ಹಾರ್ವೆಯ ಅಂಥ ಒಂದು ಯಾರ್ಡಿನ ಜಾಗ ಕೆಟ್ಟದ್ದಕ್ಕೆ 2001ರಲ್ಲಿ ಜ್ಯೂರಿ 100 ಕೋಟಿ ಡಾಲರಿಗೂ ಮೀರಿದ ಪರಿಹಾರ ವಿಧಿಸಿತು, ಮೇಲ್ಮನವಿಯಲ್ಲಿ ಮೊತ್ತ ಇಳಿಯಿತು.

ಹೈಡ್ರೋಜೆಟಿಂಗ್ (ಅತಿ ಒತ್ತಡದ ನೀರಿನಿಂದ ಸ್ಕೇಲ್ ಒಡೆಯುವುದು) ಧೂಳಿನ ದೃಷ್ಟಿಯಿಂದ ಒಳ್ಳೆಯದು. ಆದರೆ ಮಂಜಿನಂಥ ಹನಿಯಲ್ಲೂ ಸ್ಕೇಲ್ ಇರುತ್ತದೆ, ಮಾಸ್ಕ್ ತೆಗೆಯಬೇಡಿ. ತೊಳೆದ ನೀರು ಚರಂಡಿಗೆ ಹೋಗಬಾರದು. ಜೆಟ್ ಚರ್ಮ ತೂರಿದರೆ ಸೂಜಿಮೊನೆಯಷ್ಟು ಗಾಯ ಕಂಡರೂ ಒಳಗೆ ಮಾಂಸ ಹರಿದಿರುತ್ತದೆ. ಡೆಟ್ಟಾಲ್ ಹಚ್ಚಿಕೊಂಡು ಕೂರದೆ ನೇರ ಆಸ್ಪತ್ರೆಗೆ ಹೋಗಿ, ‘ಒತ್ತಡದ ನೀರು, ನಾರ್ಮ್ ಕೆಸರು’ ಎಂದು ಹೇಳಿ.

ಗಲ್ಫಿನ ಬೇಸಿಗೆಯಲ್ಲಿ ಈ ಶಿಸ್ತು ಮುರಿಯುವುದು ಬಾಯಾರಿಕೆಯಿಂದ. ಕವರಾಲ್ ಒಳಗೆ ಮೈ ಬೇಯುತ್ತದೆ, ಗ್ಲೌಸಿನ ಕೈಯಲ್ಲೇ ಬಾಟಲಿ ಎತ್ತುತ್ತಾರೆ, ಮಾಸ್ಕ್ ಗಂಟಲಿಗೆ ಇಳಿಯುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಆ ಹೊತ್ತು ಬಿಟ್ಟೂ ಪಾಳಿ ಚಿಕ್ಕದಿರಲಿ ಎಂದು ಕೇಳಿ. ಒಳಹೋಗುವ ಮೊದಲೇ ನೀರು ಕುಡಿಯಿರಿ. ಹಗ್ಗದ ಒಳಗೆ ನೀರು, ಚಹಾ, ಬೀಡಿ, ಎಲೆ ಅಡಿಕೆ, ಪಾನ್ ಮಸಾಲ ಯಾವುದೂ ಬೇಡ. ಎಲೆ ಅಡಿಕೆ ಜಗಿಯುವವರಿಗೆ ವಿಶೇಷವಾಗಿ ಹೇಳಬೇಕು, ಕೈಯಿಂದ ಬಾಯಿಗೆ ದಿನಕ್ಕೆ ಹತ್ತಾರು ಸಲ ಹೋಗುವ ಅಭ್ಯಾಸ ಅದು.

ಹಂತ 6: ಹೊರಬರುವ ಕ್ರಮ

ಇಲ್ಲಿ ಅನುಕ್ರಮವೇ ಮುಖ್ಯ.

1. ಹಗ್ಗದ ಅಂಚಿನಲ್ಲಿ ಬೂಟು ತೊಳೆದು, ಹೊರಗಿನ ಗ್ಲೌಸ್ ತೆಗೆಯಿರಿ.
2. ಕವರಾಲನ್ನು ಒಳಮೈ ಹೊರಗೆ ಬರುವಂತೆ, ಮೇಲಿನಿಂದ ಕೆಳಕ್ಕೆ ಸುರುಳಿ ಸುತ್ತುತ್ತ ಇಳಿಸಿ. ಕೊಡವಬೇಡಿ.
3. ಮಾಸ್ಕ್ ತೆಗೆಯುವುದು ಇದಾದ ಮೇಲೆ. ಮೊದಲೇ ತೆಗೆದರೆ ಕವರಾಲಿನಿಂದ ಏಳುವ ಧೂಳು ನೇರ ಮೂಗಿಗೆ. ಹೆಚ್ಚಿನವರು ತಪ್ಪುವುದು ಇಲ್ಲೇ.
4. ಕೊನೆಗೆ ಒಳಗಿನ ಗ್ಲೌಸ್.
5. ಕೈ, ಮುಖ, ಮೀಸೆ, ಉಗುರಿನ ಸಂದು ಸೋಪು ಹಾಕಿ ತೊಳೆಯಿರಿ. ಬ್ರಷ್‌ನಿಂದ ಕೆರೆದು ಚರ್ಮ ಗಾಯ ಮಾಡಬೇಡಿ.
6. ಪ್ರೋಬಿನಿಂದ ಅಂಗೈ, ಅಂಗಾಲು, ತಲೆಗೂದಲು ಪರೀಕ್ಷಿಸಿಕೊಳ್ಳಿ. ಶಬ್ದ ಏರಿದರೆ ಮತ್ತೆ ತೊಳೆದು ಮತ್ತೆ ಅಳೆಯಿರಿ.

ಕೆಲಸದ ಬಟ್ಟೆ, ಬೂಟು ಯಾರ್ಡಿನಲ್ಲೇ ಉಳಿಯಬೇಕು. ಕ್ಯಾಂಪಿನ ಬಕೆಟ್ಟಿನಲ್ಲಿ ಎಲ್ಲರ ಬಟ್ಟೆಯ ಜೊತೆ ನೆನೆಸಿದರೆ ರೂಮಿನವರಿಗೂ ಪಾಲು. ಒಳ್ಳೆಯ ಬೂಟು ಎಂದು ಊರಿಗೆ ತಂದು ತೋಟದ ಕೆಲಸಕ್ಕೆ ಹಾಕುವುದೂ ಬೇಡ.

ಹಂತ 7: ಕಸ

ಸ್ಕೇಲ್, ಸ್ಲಜ್, ಫಿಲ್ಟರ್, ಕವರಾಲ್, ಪ್ಲಾಸ್ಟಿಕ್ ಹಾಳೆ ಎಲ್ಲ ಒಳಚೀಲ ಹಾಕಿದ ಡ್ರಮ್ಮಿಗೆ. ಮುಚ್ಚಳ ಬಿಗಿದು, ಯಾವ ಬಾವಿಯದ್ದು, ಯಾವ ದಿನಾಂಕ, ಹೊರಮೈಯ ಅಳತೆ ಎಷ್ಟು ಎಂದು ಚೀಟಿ ಅಂಟಿಸಬೇಕು. ರೇಡಿಯಂ-226ರ ಅರ್ಧಾಯು 1,600 ವರ್ಷ. ಹಿತ್ತಿಲಲ್ಲಿ ಗುಂಡಿ ತೋಡಿ ಮುಚ್ಚಿದರೆ ಮುಗಿಯುವ ಬಾಬಲ್ಲ. ಯುಎಇಯಲ್ಲಿ ಇದರ ಮೇಲ್ವಿಚಾರಣೆ ಅಲ್ಲಿನ ಪರಮಾಣು ನಿಯಂತ್ರಣ ಪ್ರಾಧಿಕಾರದ್ದು. ‘ರಾತ್ರಿ ಲಾರಿ ಬರುತ್ತದೆ, ಮರುಭೂಮಿಯಲ್ಲಿ ಸುರಿದು ಬನ್ನಿ’ ಎಂದರೆ ಹೋಗಬೇಡಿ. ಸಿಕ್ಕಿಬಿದ್ದರೆ ಕಂಪನಿ ಕೈ ತೊಳೆದುಕೊಳ್ಳುತ್ತದೆ, ಜೈಲಿಗೆ ಹೋಗುವವರು ನೀವು.

ಹಂತ 8: ಕಾಗದ

ಎಂಡೋಸಲ್ಫಾನ್ ಕೀಟನಾಶಕದ ಹಾವಳಿ ಕಂಡ ನಮ್ಮ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಸಿಂಪಡಣೆ 2000ದಲ್ಲಿ ನಿಂತರೂ, ಸುಪ್ರೀಂ ಕೋರ್ಟು 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದದ್ದು 2017ರಲ್ಲಿ. ನಡುವೆ ಉಳಿದದ್ದೆಲ್ಲ ಯಾರ ಹೆಸರು ಪಟ್ಟಿಯಲ್ಲಿದೆ, ಯಾರದ್ದಿಲ್ಲ ಎಂಬ ಜಗಳ. ವಿಕಿರಣದ ಕ್ಯಾನ್ಸರ್ ಬರುವುದಿದ್ದರೆ ಬಹುಪಾಲು ಹತ್ತು, ಇಪ್ಪತ್ತು ವರ್ಷ ಕಳೆದ ಮೇಲೆ. ಆಗ ಗುತ್ತಿಗೆ ಕಂಪನಿಯ ಹೆಸರೇ ಬದಲಾಗಿರುತ್ತದೆ.

ಆದ್ದರಿಂದ ಕರಾರು ಪತ್ರ, ಸೈಟಿನ ಹೆಸರು ಮತ್ತು ತಾರೀಕು, ನಾರ್ಮ್ ತರಬೇತಿಯ ಸರ್ಟಿಫಿಕೇಟ್, ಫಿಟ್ ಟೆಸ್ಟ್ ಕಾಗದ, ಪ್ರತಿ ಅವಧಿಯ ಟಿಎಲ್‌ಡಿ ವರದಿ, ಪರ್ಮಿಟ್ಟಿನ ಫೋಟೋ (ಮೊಬೈಲ್ ಒಯ್ಯಲು ಅನುಮತಿ ಇರುವಲ್ಲಿ ಮಾತ್ರ) ಇವುಗಳ ಪ್ರತಿ ಮನೆಯಲ್ಲಿರಲಿ. ಟಿಎಲ್‌ಡಿ ಅಳೆಯುವುದು ಹೊರಗಿನ ಗಾಮಾವನ್ನು, ಉಸಿರಿಗೆ ಹೋದದ್ದನ್ನು ಅದು ಬಲ್ಲದು ಎಂದುಕೊಳ್ಳಬೇಡಿ. ಮಾಸ್ಕ್ ಹರಿದದ್ದು, ಕೆಸರು ಬಾಯಿಗೆ ಸಿಡಿದದ್ದು ಆದರೆ ಅದೇ ದಿನ ಘಟನಾ ವರದಿ ಬರೆಸಿ, ಮೂತ್ರ ಪರೀಕ್ಷೆ ಕೇಳಿ. ಕಂಪನಿ ಕಾಗದ ಕೊಡದಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಊರಿನ ಗುಜರಿಯವರಿಗೆ, ಹಳೆ ಪೈಪು ಕೊಳ್ಳುವವರಿಗೆ

ಎಣ್ಣೆ ಬಾವಿಯ ಪೈಪು ಗಟ್ಟಿ, ಗೇಟಿಗೂ ಅಡಿಕೆ ಅಂಗಳದ ಚಪ್ಪರಕ್ಕೂ ಚೆನ್ನ ಎಂದು ಕೊಳ್ಳುವವರಿದ್ದಾರೆ. ಅಮೆರಿಕದಲ್ಲಿ ಇಂಥ ಪೈಪು ಬೇಲಿಗೆ, ಮಕ್ಕಳ ಆಟದ ಮೈದಾನಕ್ಕೆ ಹೋಗಿ ಆಮೇಲೆ ಕಿತ್ತು ತೆಗೆಯಬೇಕಾಯಿತು. 2⅜, 2⅞, 3½ ಇಂಚಿನ ದಪ್ಪ ಗೋಡೆಯ, ತುದಿಯಲ್ಲಿ ಮರೆ (ಥ್ರೆಡ್) ಇರುವ ಹಳೆ ಪೈಪು ಬಂದರೆ ಟಾರ್ಚ್ ಹಾಕಿ ನೋಡಿ. ಒಳಗೆ ಕಲ್ಲಿನಂಥ ಪದರ ಕಂಡರೆ ಬಡಿಯಬೇಡಿ, ವೆಲ್ಡಿಂಗ್ ಮಾಡಬೇಡಿ. ತುದಿ ಮುಚ್ಚಿ, ಒಂದು ಮೂಲೆಗಿಟ್ಟು, ಮಾರಿದವನಿಂದ ವಿಕಿರಣ ತಪಾಸಣೆಯ ಕಾಗದ ಕೇಳಿ. ಕಾಗದವಿಲ್ಲದೆ ಅನುಮಾನ ಉಳಿದರೆ ಜಿಲ್ಲಾಡಳಿತಕ್ಕೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಒಬ್ಬ ಸತ್ತದ್ದು ಕೋಬಾಲ್ಟ್-60ರಿಂದ. ಅದು ನಾರ್ಮ್‌ಗಿಂತ ಎಷ್ಟೋ ಪಟ್ಟು ಭೀಕರ. ಆದರೆ ತಿಳಿಯದ ಲೋಹವನ್ನು ಒಡೆದು ನೋಡುವ ಚಾಳಿ ಅಲ್ಲೂ ಇಲ್ಲೂ ಒಂದೇ. ಬಾವಿಯ ಕೇಸಿಂಗಿಗೆ, ಕುಡಿಯುವ ನೀರಿಗೆ ಇಂಥ ಪೈಪು ಯಾವ ಬೆಲೆಗೂ ಬೇಡ.

ಇನ್ನುಳಿದ ಪ್ರಶ್ನೆಗಳು

ಬೆಲ್ಲ ತಿಂದರೆ ಧೂಳು ಇಳಿಯುತ್ತದಾ? ಇಲ್ಲ. ಹಾಲು, ಬಾಳೆಹಣ್ಣೂ ಇಳಿಸುವುದಿಲ್ಲ.

ಅಯೋಡಿನ್ ಮಾತ್ರೆ? ಅದು ಥೈರಾಯ್ಡನ್ನು ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ ಕಾಯುತ್ತದೆ. ರೇಡಿಯಂಗೆ ಏನೂ ಮಾಡದು.

ನನ್ನ ಮೈಯಿಂದ ಮನೆಯವರಿಗೆ ವಿಕಿರಣ ತಗಲುತ್ತದಾ? ಗಾಮಾ ತಗಲಿದ ಮೈ ತಾನು ವಿಕಿರಣ ಸೂಸುವುದಿಲ್ಲ. ಅಂಟಿದ ಧೂಳು ಸೂಸುತ್ತದೆ; ತೊಳೆದರೆ ಮುಗಿಯಿತು.

ಹೆಂಗಸರು ಲ್ಯಾಬ್, ಸೈಟಿನ ಕೆಲಸದಲ್ಲಿದ್ದರೆ? ಗರ್ಭಿಣಿ ಎಂದು ಗೊತ್ತಾದ ದಿನವೇ ಕಂಪನಿಗೆ ಬರಹದಲ್ಲಿ ತಿಳಿಸಿ. ಅಲ್ಲಿಂದ ಹೆರಿಗೆಯ ತನಕ ಮಗುವಿಗೆ 1 ಮಿಲಿಸೀವರ್ಟ್ ಮೀರಬಾರದು, ಧೂಳಿನ ಕೆಲಸ ಪೂರ್ತಿ ಬಿಡಬೇಕು.

ಟ್ಯಾಂಕಿನಲ್ಲಿ ತಲೆಸುತ್ತು, ವಾಂತಿ ಬಂತು, ವಿಕಿರಣವೇ? ನಾರ್ಮ್ ಪ್ರಮಾಣದ ವಿಕಿರಣಕ್ಕೆ ಹಾಗೆ ಆಗುವುದಿಲ್ಲ. ಅದು ಅನಿಲ ಅಥವಾ ಬಿಸಿಲು. ಆ ಕ್ಷಣವೇ ಹೊರಗೆ ಬನ್ನಿ.

ಮಾಸ್ಕ್ ಇಲ್ಲದೆ ಈಗಾಗಲೇ ವರ್ಷಗಟ್ಟಲೆ ದುಡಿದು ಬಂದಿದ್ದೇನೆ, ಈಗೇನು ಮಾಡಲಿ? ಎಕ್ಸರೇಯಲ್ಲಾಗಲಿ ರಕ್ತ ಪರೀಕ್ಷೆಯಲ್ಲಾಗಲಿ ಮೈಯೊಳಗಿನ ರೇಡಿಯಂ ಕಾಣುವುದಿಲ್ಲ. ‘ರೇಡಿಯೇಶನ್ ಚೆಕಪ್’ ಎಂದು ಸಾವಿರಾರು ರೂಪಾಯಿ ಕೇಳುವ ಲ್ಯಾಬುಗಳಿಗೆ ದುಡ್ಡು ಸುರಿಯಬೇಡಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ. ನಿಮ್ಮ ಕೈಯಲ್ಲಿ ಉಳಿದಿರುವ ಅತಿ ದೊಡ್ಡ ರಕ್ಷಣೆ ಅದೇ. ಯಾವ ಸೈಟು, ಯಾವ ವರ್ಷ, ಒಣ ಕೆಲಸವೋ ಒದ್ದೆಯೋ ಎಂದು ನೆನಪಿದ್ದಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಜೊತೆಗೆ ದುಡಿದವರ ಹೆಸರು ಸೇರಿಸಿ, ನಿಮ್ಮ ವೈದ್ಯರ ಫೈಲಿನಲ್ಲಿ ಇಡಿಸಿ. ಮೂರು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಮೂಳೆ ನೋವು ಅಥವಾ ಬಾವು, ತೂಕ ಇಳಿತ ಇದ್ದರೆ ಆ ಹಾಳೆಯನ್ನು ಮೊದಲು ತೋರಿಸಿ, ಆಮೇಲೆ ಮಾತು ಶುರುಮಾಡಿ.